ಹೊರದೇಶದ ಗಿರಾಕಿಗಾಗಿ ಸಣ್ಣ ಅಂಗಡಿಯ ವೆಬ್‌ಸೈಟ್: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಸದ್ಯ ಬಿಡಬೇಕು

ಗೆಳೆಯರೊಬ್ಬರು ಚರ್ಮದ ಚೀಲ ಹೊಲಿದು ಮಾರುತ್ತಾರೆ. ಚಿಕ್ಕ ಅಂಗಡಿ, ಕೆಲಸಕ್ಕೆ ಮೂರು ಜನ. ಒಂದು ದಿನ ಫೋನ್ ಮಾಡಿ, "ವೆಬ್‌ಸೈಟಿಗೆ ಇನ್ನೊಂದು ಭಾಷೆ ಸೇರಿಸಬೇಕಲ್ಲ, ಫ್ರೆಂಚ್ ಹಾಕೋಣವಾ?" ಅಂದರು. ಅಷ್ಟು ಹೊತ್ತಿಗೆ ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್ ಮೂರೂ ಇದ್ದವು. ಜರ್ಮನಿಯಿಂದ ಜನ ಬರುತ್ತಲೂ ಇದ್ದರು. ಚೀಲ ನೋಡುತ್ತಿದ್ದರು, ಕಾರ್ಟಿಗೆ ಹಾಕುತ್ತಿದ್ದರು, ಅಲ್ಲಿಂದ ಮಾಯ. ಆರ್ಡರ್ ಮಾತ್ರ ಒಂದೂ ಇಲ್ಲ.

ಅವರ ಪಕ್ಕದಲ್ಲೇ ಕೂತು, ಬರ್ಲಿನ್ನಿನಲ್ಲಿ ಇರುವವನ ಹಾಗೆ ನಾನೇ ಒಂದು ಚೀಲ ಆರ್ಡರ್ ಮಾಡಲು ಹೊರಟೆ. ವಿಳಾಸದ ಪುಟ ಬಂತು. 'ರಾಜ್ಯ' ಅನ್ನುವ ಪಟ್ಟಿ ತೆರೆದರೆ ನಮ್ಮ ದೇಶದ ರಾಜ್ಯಗಳಷ್ಟೇ. ಒಂದನ್ನು ಆರಿಸದೆ ಮುಂದೆ ಬಿಡುವುದಿಲ್ಲ. ಫೋನ್ ನಂಬರಿನ ಮೊದಲಿಗೆ ಪ್ಲಸ್ ಗುರುತು ಹಾಕಿದರೆ ಕೆಂಪು ಅಕ್ಷರದಲ್ಲಿ ಬೈಗುಳ. ಜರ್ಮನಿಯ ಅಂಚೆ ಸಂಖ್ಯೆಗೆ 5 ಅಂಕಿ, ಫಾರ್ಮಿಗೆ ಮಾತ್ರ ನಮ್ಮಲ್ಲಿರುವಷ್ಟೇ ಬೇಕು. ಸುಮ್ನೆ ಏನೋ ಒಂದು ತುಂಬಿ ದಾಟಿದೆ. ಮುಂದಿನ ಪುಟದಲ್ಲಿ "ಸಾಗಣೆ ಖರ್ಚನ್ನು ಆಮೇಲೆ ತಿಳಿಸಲಾಗುವುದು" ಅಂತ ಇತ್ತು. ಜರ್ಮನ್ ಭಾಷೆಯಲ್ಲಿ, ಬಹಳ ಚೆನ್ನಾಗಿ ಅನುವಾದ ಮಾಡಿಸಿದ ಸಾಲು ಅದು.

ಹೊರದೇಶದ ವ್ಯಾಪಾರದ ಬಗ್ಗೆ ಮಾತು ಬಂದರೆ ಎಲ್ಲರೂ ಭಾಷೆ, ಡೊಮೇನ್, ಗೂಗಲ್ ಅಂತ ಮುಂಬಾಗಿಲಿನಿಂದ ಶುರು ಮಾಡುತ್ತಾರೆ. ನನ್ನ ಅನುಭವ ಬೇರೆ. ಗಿರಾಕಿ ಕೈಬಿಟ್ಟುಹೋಗುವುದು ಕೊನೆಯ ಪುಟದಲ್ಲಿ. ಒಟ್ಟು ಎಷ್ಟಾಗುತ್ತೆ, ಯಾವಾಗ ಬರುತ್ತೆ, ಸರಿ ಇಲ್ಲದಿದ್ದರೆ ಏನು ಗತಿ, ಈ ಮೂರಕ್ಕೆ ಉತ್ತರ ಸಿಗದ ಕಡೆ. ಅದಕ್ಕೇ ಈ ಹೋಲಿಕೆಯಲ್ಲಿ ಹಿತ್ತಲಿನಿಂದ ಹೊರಟು ಮುಂಬಾಗಿಲಿಗೆ ಬರೋಣ.

ಮೊದಲು: ಸ್ವಂತ ಸೈಟೋ, ದೊಡ್ಡ ಸಂತೆಯಲ್ಲಿ ಒಂದು ಮೂಲೆಯೋ

ಎಟ್ಸಿ, ಇಬೇ, ಅಮೆಜಾನ್ ತರಹದ ಜಾಗದಲ್ಲಿ ಅಂಗಡಿ ಇಟ್ಟರೆ ಜನ ಆಗಲೇ ಅಲ್ಲಿದ್ದಾರೆ. ಹಣ ವಸೂಲಿ, ಕರೆನ್ಸಿ ಬದಲಾವಣೆ ಅವರೇ ನೋಡಿಕೊಳ್ಳುತ್ತಾರೆ. ಇನ್ನೊಂದು ದೊಡ್ಡ ಅನುಕೂಲವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಹೊರಗಿನಿಂದ ಬರುವ 150 ಯೂರೋವರೆಗಿನ ಪಾರ್ಸೆಲ್‌ಗಳಿಗೆ ಯುರೋಪಿಯನ್ ಒಕ್ಕೂಟದ ವ್ಯಾಟ್ ಅನ್ನು, 135 ಪೌಂಡ್‌ವರೆಗಿನ ಪಾರ್ಸೆಲ್‌ಗಳಿಗೆ ಬ್ರಿಟನ್ನಿನ ವ್ಯಾಟ್ ಅನ್ನು ಈ ತಾಣಗಳೇ ಗಿರಾಕಿಯಿಂದ ತೆಗೆದುಕೊಂಡು ಕಟ್ಟುತ್ತವೆ. ಸ್ವಂತ ಸೈಟಿನಲ್ಲಿ ಆ ತಲೆನೋವು ನಿಮ್ಮದು.

ಬದಲಿಗೆ ಏನು ಕೊಡುತ್ತೀರಿ? ಪ್ರತಿ ಮಾರಾಟದ ಮೇಲೆ ಪಾಲು. ಗಿರಾಕಿ ಅವರವನು, ನಿಮ್ಮವನಲ್ಲ. ನಿಮ್ಮ ಚೀಲದ ಕೆಳಗೇ ಇನ್ನೊಬ್ಬರ ಅಗ್ಗದ ಚೀಲ ಕಾಣುತ್ತದೆ. ಒಂದು ದಿನ ಖಾತೆಗೆ ಬೀಗ ಬಿದ್ದರೆ ವಿಚಾರಿಸಲು ಒಬ್ಬ ಮನುಷ್ಯ ಸಿಗುವುದೂ ಕಷ್ಟ.

ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಯಾರು ಹೇಳಿದರು? ಹೊರದೇಶಕ್ಕೆ ಒಂದೂ ಮಾರದವರು ಮೊದಲ ಇಪ್ಪತ್ತು-ಮೂವತ್ತು ಆರ್ಡರ್ ಸಂತೆಯಲ್ಲೇ ಮಾಡಲಿ. ಯಾವ ದೇಶದವರು ಕೊಳ್ಳುತ್ತಾರೆ, ಏನು ಕೇಳುತ್ತಾರೆ, ಏನು ಒಡೆದುಹೋಗುತ್ತೆ ಅಂತ ಗೊತ್ತಾಗುತ್ತದೆ. ಅದೊಂದು ಫೀಸು ಕೊಟ್ಟು ಕಲಿಯುವ ಪಾಠ. ಆಮೇಲೆ ಸ್ವಂತ ಸೈಟನ್ನು ಹೆಚ್ಚು ಕೊಳ್ಳುವ ಒಂದೇ ಒಂದು ದೇಶಕ್ಕೆ ತಕ್ಕಂತೆ ತಿದ್ದಿ. 'ವಿಶ್ವದಾದ್ಯಂತ ಕಳಿಸುತ್ತೇವೆ' ಅಂತ ಬೋರ್ಡ್ ಹಾಕುವುದು ಸುಲಭ. ಮಾತು ಉಳಿಸಿಕೊಳ್ಳುವುದು ಒಂದು ದೇಶಕ್ಕೇ ಸಾಕಷ್ಟು ಕಷ್ಟ.

ಸಂತೆ ಬೇಡ, ಸ್ವಂತದ್ದೇ ಸಾಕು ಅನ್ನುವವರಿಗೆ ಮುಂದಿನ ಪ್ರಶ್ನೆ: ಶಾಪಿಫೈ ತರಹದ ಬಾಡಿಗೆ ಅಂಗಡಿಯೋ, ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಕೂರಿಸಿದ ಸ್ವಂತ ಅಂಗಡಿಯೋ? ಇದಕ್ಕೆ ಉದ್ದ ಚರ್ಚೆ ಬೇಡ. ರಾತ್ರಿ ಹನ್ನೊಂದಕ್ಕೆ ಸೈಟ್ ಕೆಟ್ಟರೆ ಸರಿ ಮಾಡುವವರು ನಿಮ್ಮ ಜೊತೆ ಇದ್ದರೆ ಎರಡನೆಯದು, ಇಲ್ಲದಿದ್ದರೆ ಮೊದಲನೆಯದು. ಗಿರಾಕಿಯ ಹಗಲು ನಿಮ್ಮ ರಾತ್ರಿ ಅನ್ನುವುದು ನೆನಪಿರಲಿ.

ವಿಳಾಸದ ಫಾರ್ಮ್: ಬಿಗಿಯೋ, ಸಡಿಲವೋ

ಬಿಗಿ ಫಾರ್ಮ್ ಅಂದರೆ ಪ್ರತಿ ಖಾನೆಗೂ ನಿಯಮ. ಇಷ್ಟೇ ಅಂಕಿ, ಈ ಪಟ್ಟಿಯಲ್ಲೇ ಆರಿಸಬೇಕು. ತಪ್ಪು ವಿಳಾಸ ಬರುವುದು ಕಡಿಮೆ, ನಿಜ. ಆದರೆ ಪ್ರಪಂಚ ಆ ಖಾನೆಗಳಿಗೆ ಹೊಂದುವುದಿಲ್ಲ. ಹಾಂಗ್‌ಕಾಂಗಿನಲ್ಲಿ, ಯುಎಇಯಲ್ಲಿ ಅಂಚೆ ಸಂಖ್ಯೆಯೇ ಇಲ್ಲ. ಐರ್ಲೆಂಡ್‌ನಲ್ಲಿ ದೇಶಕ್ಕೆಲ್ಲ ಅಂಚೆ ಸಂಖ್ಯೆ ಬಂದದ್ದೇ 2015ರಲ್ಲಿ. ಬ್ರಿಟನ್, ಕೆನಡಾ, ನೆದರ್ಲೆಂಡ್ಸ್‌ಗಳಲ್ಲಿ ಅದರೊಳಗೆ ಅಕ್ಷರಗಳೂ ಇರುತ್ತವೆ. ಜಪಾನಿನವರು ತಮ್ಮ ಭಾಷೆಯಲ್ಲಿ ವಿಳಾಸ ಬರೆಯುವಾಗ ದೊಡ್ಡ ಪ್ರಾಂತ್ಯದಿಂದ ಶುರು ಮಾಡಿ ಮನೆಗೆ ಬರುತ್ತಾರೆ, ನಾವು ಬರೆಯುವುದಕ್ಕೆ ಉಲ್ಟಾ. ಇಂಡೋನೇಷ್ಯಾದಲ್ಲಿ ಎಷ್ಟೋ ಜನರಿಗೆ ಒಂದೇ ಹೆಸರು. 'ಕೊನೆಯ ಹೆಸರು ಕಡ್ಡಾಯ' ಅಂದರೆ ಅವರು ಅದೇ ಹೆಸರನ್ನು ಎರಡು ಸಲ ಬರೆಯಬೇಕು. ನಮ್ಮಲ್ಲೂ ಇನಿಷಿಯಲ್ ಒಂದನ್ನೇ ಇಟ್ಟುಕೊಂಡವರಿಗೆ ಈ ಪಾಡು ಗೊತ್ತು ಅಲ್ವಾ?

ದೇಶ ಆರಿಸಿದ ತಕ್ಷಣ ಅದಕ್ಕೆ ತಕ್ಕಂತೆ ಬದಲಾಗುವ ಫಾರ್ಮ್ ನಿಮ್ಮ ಸಾಫ್ಟ್‌ವೇರಿನಲ್ಲೇ ಇದ್ದರೆ ಅದೇ ಸರಿ. ಇಲ್ಲವೆಂದರೆ ಸಡಿಲ ಫಾರ್ಮ್ ಇಡಿ. ಹೆಸರಿಗೆ ಒಂದೇ ಖಾನೆ. ವಿಳಾಸಕ್ಕೆ ಎರಡು ಸಾಲು. ಊರು, ಅಂಚೆ ಸಂಖ್ಯೆ ಇದ್ದರೆ ಬರೆಯಲಿ, ದೇಶ. ಫೋನ್ ಖಾನೆಯಲ್ಲಿ ಪ್ಲಸ್ ಗುರುತು ಬರಲಿ. ಅಂತರರಾಷ್ಟ್ರೀಯ ನಂಬರ್ ದೇಶದ ಕೋಡ್ ಸೇರಿ ಹೆಚ್ಚೆಂದರೆ 15 ಅಂಕಿ. ಅದಕ್ಕಿಂತ ಬೇರೆ ನಿಯಮ ಬೇಡ. ವಾರಕ್ಕೊಂದು ವಿಳಾಸ ಗೊಂದಲವಾದರೆ ಮೇಲ್ ಹಾಕಿ ಕೇಳಬಹುದು. ಫಾರ್ಮಿನಿಂದ ಸಿಟ್ಟಾಗಿ ಹೋದವರಿಗೆ ಮೇಲ್ ಹಾಕಲು ವಿಳಾಸವೂ ಸಿಕ್ಕಿರುವುದಿಲ್ಲ.

ಸುಂಕ ಯಾರು ಕಟ್ಟಬೇಕು

ಈ ಬರಹದಲ್ಲಿ ಒಂದೇ ಭಾಗ ಓದುವ ಪುರುಸೊತ್ತು ಇದ್ದರೆ ಇದನ್ನು ಓದಿ.

ಸರಕು ಗಡಿ ದಾಟಿದಾಗ ಆ ದೇಶದ ಸರ್ಕಾರ ಸುಂಕ, ತೆರಿಗೆ ಕೇಳುತ್ತದೆ. ಕಟ್ಟುವುದು ಯಾರು ಅನ್ನುವುದಕ್ಕೆ ಎರಡು ದಾರಿ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ 'ಇನ್‌ಕೋಟರ್ಮ್ಸ್ 2020' ನಿಯಮಗಳಲ್ಲಿ ಇವಕ್ಕೆ ಡಿಎಪಿ, ಡಿಡಿಪಿ ಅಂತ ಹೆಸರು. ಕೊರಿಯರ್ ಕಂಪನಿಯವರ ಬಾಯಲ್ಲಿ ದಿನಾ ಕೇಳುವ ಮಾತು.

ಡಿಎಪಿಯಲ್ಲಿ ಸಾಗಣೆ ಖರ್ಚು ನಿಮ್ಮದು, ಸುಂಕ ಗಿರಾಕಿಯದು. ನಿಮಗೆ ಆರಾಮ. ಗಿರಾಕಿಯ ಕಡೆ ನಿಂತು ನೋಡಿ. ಎರಡು ವಾರ ಕಾದಿದ್ದಾನೆ. ಕೊರಿಯರ್‌ನವರಿಂದ ಮೆಸೇಜ್ ಬರುತ್ತದೆ: ಇಷ್ಟು ತೆರಿಗೆ, ಅದರ ಮೇಲೆ ನಮ್ಮ ನಿರ್ವಹಣಾ ಶುಲ್ಕ ಇಷ್ಟು, ಕಟ್ಟಿದರೆ ಮಾತ್ರ ಪಾರ್ಸೆಲ್. ಅವನಿಗೆ ಇದು ಮೋಸದ ಮೆಸೇಜ್ ಹಾಗೆ ಕಾಣುತ್ತದೆ. ಮೋಸ ಅಲ್ಲ ಅಂತ ಗೊತ್ತಾದ ಮೇಲೆ, ಮೋಸ ಮಾಡಿದ್ದು ನೀವು ಅನಿಸುತ್ತದೆ. ಪಾರ್ಸೆಲ್ ಬೇಡ ಅಂದುಬಿಟ್ಟರೆ ಅದು ವಾಪಸ್ ಬರುವ ಖರ್ಚೂ ನಿಮ್ಮ ತಲೆಗೆ.

ಡಿಡಿಪಿಯಲ್ಲಿ ಸುಂಕ, ತೆರಿಗೆ ಎಲ್ಲ ಮೊದಲೇ ಲೆಕ್ಕ ಹಾಕಿ ನೀವೇ ತೆಗೆದುಕೊಳ್ಳುತ್ತೀರಿ. ಗಿರಾಕಿಗೆ ಕಾಣುವ ಮೊತ್ತವೇ ಕೊನೆಯ ಮೊತ್ತ. ಬಾಗಿಲಲ್ಲಿ ಯಾರೂ ಕೈ ಚಾಚುವುದಿಲ್ಲ. ಆದರೆ ಲೆಕ್ಕ ತಪ್ಪಿದರೆ ನಷ್ಟ ನಿಮ್ಮದು. ಕೊರಿಯರ್‌ನವರು ಈ ಸೇವೆಗೆ ಜಾಸ್ತಿ ತೆಗೆದುಕೊಳ್ಳುತ್ತಾರೆ. ಕೆಲವು ದೇಶಗಳಲ್ಲಿ ತೆರಿಗೆ ನೋಂದಣಿಯೂ ಬೇಕು.

ಮೊದಲೆಲ್ಲ ಸಣ್ಣ ಪಾರ್ಸೆಲ್ ಕಳಿಸುವವರು ಈ ಗೊಡವೆಗೆ ಹೋಗುತ್ತಿರಲಿಲ್ಲ. ಕಡಿಮೆ ಬೆಲೆಯ ಸರಕಿಗೆ ವಿನಾಯಿತಿ ಇತ್ತು. ಆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಆಸ್ಟ್ರೇಲಿಯಾ 2018ರ ಜುಲೈ 1ರಿಂದ 1,000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ಸರಕಿಗೂ ಜಿಎಸ್‌ಟಿ ಹಾಕಿತು. ಅಲ್ಲಿಗೆ ವರ್ಷಕ್ಕೆ 75,000 ಡಾಲರ್ ವ್ಯಾಪಾರ ಆಗುವವರೆಗೆ ಸಣ್ಣವರಿಗೆ ನೋಂದಣಿ ಕಡ್ಡಾಯವಲ್ಲ. ಬ್ರಿಟನ್ 2021ರ ಜನವರಿ 1ರಿಂದ, 135 ಪೌಂಡ್‌ವರೆಗಿನ ಸರಕನ್ನು ಸ್ವಂತ ಸೈಟಿನಿಂದ ಮಾರಿದರೆ ಮಾರುವವರೇ ವ್ಯಾಟ್ ತೆಗೆದುಕೊಂಡು ಕಟ್ಟಬೇಕು ಅಂದಿತು. ಯುರೋಪಿಯನ್ ಒಕ್ಕೂಟದಲ್ಲಿ 22 ಯೂರೋವರೆಗೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ಹೋಯಿತು. ಅದೇ ದಿನ 'ಐಒಎಸ್‌ಎಸ್' ಅನ್ನುವ ವ್ಯವಸ್ಥೆ ಬಂತು. ಒಂದು ದೇಶದಲ್ಲಿ ನೋಂದಾಯಿಸಿಕೊಂಡರೆ ಒಕ್ಕೂಟದ ಎಲ್ಲ ದೇಶಗಳ ವ್ಯಾಟ್ ಒಂದೇ ಕಡೆ ಕಟ್ಟಬಹುದು. ಆದರೆ ಹೊರಗಿನವರಿಗೆ ಸಾಮಾನ್ಯವಾಗಿ ಅಲ್ಲೊಬ್ಬ ಮಧ್ಯವರ್ತಿ ಬೇಕು, ಅವನಿಗೆ ಸಂಬಳ ಬೇಕು.

ದೊಡ್ಡ ಪೆಟ್ಟು ಬಿದ್ದದ್ದು ಅಮೆರಿಕದಿಂದ. ಅಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗಳು ಸುಂಕವಿಲ್ಲದೆ ಹೋಗುತ್ತಿದ್ದವು. 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಆ ವಿನಾಯಿತಿ ತೆಗೆದರು. ಆ ವಾರ ಹಲವು ದೇಶಗಳ ಅಂಚೆಯವರು, ಹೊಸ ಸುಂಕ ಹೇಗೆ ವಸೂಲಿ ಮಾಡುವುದು ಅಂತ ತಿಳಿಯದೆ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು. ಅಂಚೆಯನ್ನೇ ನಂಬಿಕೊಂಡಿದ್ದ ಸಣ್ಣ ವ್ಯಾಪಾರಿಗಳು ಆರ್ಡರ್ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ. ಒಂದು ದೇಶಕ್ಕೆ ಎರಡು ಸಾಗಣೆ ದಾರಿ ಇಟ್ಟುಕೊಳ್ಳಿ, ಒಂದು ಅಂಚೆ, ಒಂದು ಕೊರಿಯರ್.

ಹಾಗಾದರೆ ಯಾವುದು? ನೀವು ಗುರಿ ಇಟ್ಟ ಆ ಒಂದು ದೇಶಕ್ಕೆ ಡಿಡಿಪಿ. ಸುಂಕವನ್ನು ಬೆಲೆಯೊಳಗೇ ಸೇರಿಸಿ, "ಇದಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಬೇಕಿಲ್ಲ" ಅಂತ ಕಾಣುವ ಹಾಗೆ ಬರೆಯಿರಿ. ಉಳಿದ ದೇಶಗಳಿಗೆ ಡಿಎಪಿ. ಆದರೆ 'ಪಾವತಿಸಿ' ಗುಂಡಿಯ ಪಕ್ಕದಲ್ಲೇ "ನಿಮ್ಮ ದೇಶದ ಸುಂಕ, ತೆರಿಗೆ ಇದರಲ್ಲಿ ಸೇರಿಲ್ಲ, ಪಾರ್ಸೆಲ್ ಬಂದಾಗ ಕೇಳಬಹುದು" ಅನ್ನುವ ಸಾಲು ಇರಲಿ. ನಿಯಮಗಳ ಪುಟದಲ್ಲಿ ಹದಿನಾಲ್ಕನೇ ಪ್ಯಾರಾದಲ್ಲಿ ಅಡಗಿಸಬೇಡಿ. ಕೆಲವರು ಹೆದರಿ ಹೋಗುತ್ತಾರೆ. ಹೋಗಲಿ. ಅವರು ಬಾಗಿಲಲ್ಲಿ ಪಾರ್ಸೆಲ್ ತಿರಸ್ಕರಿಸುವುದಕ್ಕಿಂತ ಇದು ಅಗ್ಗ.

ಲೆಕ್ಕ ಹಾಕಲು ನಿಮ್ಮ ಸರಕಿನ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್ ಪಟ್ಟಿಯಲ್ಲಿ ಆ ಬಗೆಯ ಸರಕಿಗೆ ಕೊಟ್ಟ ಸಂಖ್ಯೆ ಬೇಕು. ವಿಶ್ವ ಕಸ್ಟಮ್ಸ್ ಸಂಸ್ಥೆಯ ಈ ಪಟ್ಟಿ 1988ರಿಂದ ಬಳಕೆಯಲ್ಲಿದೆ. ಮೊದಲ 6 ಅಂಕಿ ಎಲ್ಲ ಕಡೆ ಒಂದೇ, ಮುಂದಿನವು ದೇಶಕ್ಕೊಂದು. ಚರ್ಮದ ಚೀಲಕ್ಕೂ ಬಟ್ಟೆ ಚೀಲಕ್ಕೂ ಬೇರೆ ಕೋಡ್, ಬೇರೆ ಸುಂಕ. ಕಸ್ಟಮ್ಸ್ ಚೀಟಿಯಲ್ಲಿ 'ಬ್ಯಾಗ್' ಅಂತ ಒಂದೇ ಪದ ಬರೆದರೆ ಅಧಿಕಾರಿ ತನಗೆ ತೋಚಿದ್ದನ್ನು ಹಾಕುತ್ತಾನೆ. 'ಹಸುವಿನ ಚರ್ಮದ ಕೈಚೀಲ, ಒಂದು' ಅಂತ ಬರೆಯಿರಿ. "ಗಿಫ್ಟ್ ಅಂತ ಬರೆದು ಕಳಿಸಿ" ಅನ್ನುವ ಗಿರಾಕಿಗಳೂ ಸಿಗುತ್ತಾರೆ. ಅದು ಸುಳ್ಳು ಲೆಕ್ಕ. ಸಿಕ್ಕಿಬಿದ್ದರೆ ಪಾರ್ಸೆಲ್ ಹೋಗುತ್ತೆ, ಕಳೆದುಹೋದರೆ ವಿಮೆಯೂ ನೀವು ಬರೆದ ಸುಳ್ಳು ಬೆಲೆಗಷ್ಟೇ ಸಿಗುತ್ತೆ.

ಯುರೋಪಿಗೆ ಹೋಗುವವರು ಇನ್ನೊಂದನ್ನು ಮರೆಯಬಾರದು. 2024ರ ಡಿಸೆಂಬರ್ 13ರಿಂದ ಅಲ್ಲಿ ಹೊಸ ಉತ್ಪನ್ನ ಸುರಕ್ಷತಾ ನಿಯಮ ಬಂದಿದೆ. ಆಹಾರವಲ್ಲದ ಹೆಚ್ಚಿನ ಗ್ರಾಹಕ ವಸ್ತುಗಳಿಗೆ ಒಕ್ಕೂಟದೊಳಗೆ ಇರುವ ಒಬ್ಬ ಹೊಣೆಗಾರರ ಹೆಸರು, ವಿಳಾಸ ಬೇಕು, ಸೈಟಿನ ಪುಟದಲ್ಲೂ ತೋರಿಸಬೇಕು. ದುಡ್ಡು ತೆಗೆದುಕೊಂಡು ಈ ಹೊಣೆ ಹೊರುವವರು ಇದ್ದಾರೆ. ತಿಂಗಳಿಗೆ ಎರಡು ಆರ್ಡರ್ ಬರುವ ಅಂಗಡಿಗೆ ಈ ಖರ್ಚು ಗಿಟ್ಟುವುದಿಲ್ಲ. ಅಂಥವರಿಗೆ ಯುರೋಪ್ ಮೊದಲ ದೇಶವಾಗಬೇಕಿಲ್ಲ ಅಂತಲೇ ಹೇಳುತ್ತೇನೆ. ನನ್ನ ಗೆಳೆಯರಿಗೂ ಹೇಳಿದೆ, ಅವರು ಜರ್ಮನಿಯ ಆಸೆಯನ್ನು ಆರು ತಿಂಗಳು ಮುಂದೂಡಿ ಅಮೆರಿಕ ಹಿಡಿದರು.

ಬೆಲೆ ಯಾರ ದುಡ್ಡಿನಲ್ಲಿ

ಮೂರು ಬಗೆ ಇವೆ. ಒಂದು, ನಿಮ್ಮ ಕರೆನ್ಸಿಯಲ್ಲೇ ಬೆಲೆ. ಲೆಕ್ಕ ಸುಲಭ, ಗಿರಾಕಿಗೆ ಮಾತ್ರ ಅಂದಾಜು ಸಿಗುವುದಿಲ್ಲ. ಎರಡು, ಅವತ್ತಿನ ದರಕ್ಕೆ ಬದಲಾಯಿಸಿ ತೋರಿಸುವುದು, ಹಣ ಮಾತ್ರ ನಿಮ್ಮ ಕರೆನ್ಸಿಯಲ್ಲಿ ತೆಗೆದುಕೊಳ್ಳುವುದು. ಇದು ನೋಡಲು ಚೆಂದ, ಆದರೆ ಪುಟದಲ್ಲಿ ಕಂಡ ಮೊತ್ತ ಒಂದು, ಕಾರ್ಡಿನ ಬಿಲ್ಲಿನಲ್ಲಿ ಇನ್ನೊಂದು. ಬೆಳಿಗ್ಗೆ 61.37 ಇದ್ದದ್ದು ಸಂಜೆ 61.52. ನೋಡಿದರೇ ಯಾಕೋ ಅನುಮಾನ ಬರುವ ಬೆಲೆ. ಮೂರು, ಆ ದೇಶದ ಕರೆನ್ಸಿಯಲ್ಲಿ ನೀವೇ ಕೂತು ನಿಗದಿ ಮಾಡಿದ ಬೆಲೆ, ತೆಗೆದುಕೊಳ್ಳುವುದೂ ಅದರಲ್ಲೇ. ದರ ಏರಿಳಿದರೆ ನೀವು ತಡೆದುಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ತಿದ್ದಿದರೆ ಸಾಕು. ಗುರಿ ಇಟ್ಟ ದೇಶಕ್ಕೆ ಮೂರನೆಯದು, ಬೇರೆಯವರಿಗೆ ಮೊದಲನೆಯದು. ನಡುವಿನದು ನನಗೆ ಇಷ್ಟವಿಲ್ಲ.

ಬರೆಯುವ ರೀತಿಯೂ ಮುಖ್ಯ. ಬರೀ 'ಡಾಲರ್' ಅಂದರೆ ಸಾಲದು. ಕೆನಡಾ, ಆಸ್ಟ್ರೇಲಿಯಾ, ಸಿಂಗಾಪುರ ಎಲ್ಲದಕ್ಕೂ ಅವರವರ ಡಾಲರ್ ಇದೆ. 1.299 ಅಂತ ಬರೆದರೆ ಅಮೆರಿಕದವನಿಗೆ ಅದು ಒಂದೂ ಚಿಲ್ಲರೆ, ಜರ್ಮನಿಯವನಿಗೆ ಸಾವಿರದ ಇನ್ನೂರ ತೊಂಬತ್ತೊಂಬತ್ತು. ಅಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತಿನ ದಿನಾರಿಗೆ ಮೂರು ಸ್ಥಾನ. ಇದು ಪುಸ್ತಕದ ಮಾತಲ್ಲ. ಹಣ ತೆಗೆದುಕೊಳ್ಳುವ ವ್ಯವಸ್ಥೆಗಳಿಗೆ ಮೊತ್ತವನ್ನು ಸಾಮಾನ್ಯವಾಗಿ ಅತಿ ಸಣ್ಣ ನಾಣ್ಯದಲ್ಲಿ, ಅಂದರೆ ನೂರರಿಂದ ಗುಣಿಸಿ ಕಳಿಸುತ್ತಾರೆ. ಯೆನ್‌ಗೂ ಹಾಗೇ ಗುಣಿಸಿದರೆ 5,000 ಯೆನ್ ಚೀಲಕ್ಕೆ 5,00,000 ಯೆನ್ ಕೇಳಿದಂತೆ. ನಾನೇ ಒಮ್ಮೆ ಹಾಗೆ ಮಾಡಿದ್ದೆ. ಪರೀಕ್ಷೆಯಲ್ಲೇ ಸಿಕ್ಕಿತು, ಬಚಾವಾದೆ.

ಹಣ ಕೊಡುವ ದಾರಿ ಎಷ್ಟು ಇರಬೇಕು? ಕಾರ್ಡ್ ಮತ್ತು ಪೇಪಾಲ್ ಇದ್ದರೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಕ್ಕೆ ಸಾಕು. ನೆದರ್ಲೆಂಡ್ಸ್‌ನಲ್ಲಿ ಐಡಿಯಲ್, ಪೋಲೆಂಡ್‌ನಲ್ಲಿ ಬ್ಲಿಕ್, ಬ್ರೆಜಿಲ್‌ನಲ್ಲಿ 2020ರ ನವೆಂಬರಿನಲ್ಲಿ ಬಂದ ಪಿಕ್ಸ್, ಹೀಗೆ ಕೆಲವು ಕಡೆ ಜನರಿಗೆ ಕಾರ್ಡಿಗಿಂತ ಅವರದ್ದೇ ಹತ್ತಿರ. ಅಲ್ಲಿಗೆ ಗುರಿ ಇಟ್ಟವರು ಮಾತ್ರ ಸೇರಿಸಿ. ಆರು ಲೋಗೋ ಅಂಟಿಸಿದ ಮಾತ್ರಕ್ಕೆ ನಂಬಿಕೆ ಬರುವುದಿಲ್ಲ. ಕಾರ್ಡಿನಲ್ಲಿ ಒಂದು ಅಪಾಯ ಇದೆ. "ಸರಕು ಬಂದಿಲ್ಲ" ಅಂತ ಗಿರಾಕಿ ಬ್ಯಾಂಕಿಗೆ ದೂರು ಕೊಟ್ಟರೆ ಹಣ ವಾಪಸ್ ಎಳೆದುಕೊಳ್ಳುತ್ತಾರೆ, ತಿಂಗಳುಗಳು ಕಳೆದ ಮೇಲೂ. ಟ್ರ್ಯಾಕಿಂಗ್ ಇಲ್ಲದ ಅಗ್ಗದ ಅಂಚೆಯಲ್ಲಿ ಕಳಿಸಿದ್ದರೆ ನಿಮ್ಮ ಕೈಯಲ್ಲಿ ಸಾಕ್ಷಿ ಏನೂ ಇರುವುದಿಲ್ಲ. ಟ್ರ್ಯಾಕಿಂಗ್ ದಾಖಲೆಯನ್ನು ಕನಿಷ್ಠ ಆರು ತಿಂಗಳು ಎತ್ತಿಡಿ.

ವಾಪಸ್ ಬಂದರೆ

ಇದನ್ನು ಬರೆಯಲು ಎಲ್ಲರಿಗೂ ಸೋಮಾರಿತನ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನಲ್ಲಿ ಕೊಂಡವರಿಗೆ, ಸರಕು ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡುವ ಹಕ್ಕಿದೆ. ಆ ಹಕ್ಕಿನ ಬಗ್ಗೆ ನೀವು ತಿಳಿಸದೇ ಇದ್ದರೆ ಅವಧಿ ಇನ್ನೂ 12 ತಿಂಗಳು ಬೆಳೆಯುತ್ತದೆ. ವಾಪಸ್ ಕಳಿಸುವ ಖರ್ಚು ಗಿರಾಕಿಯದು ಅಂತ ಮೊದಲೇ ಹೇಳದಿದ್ದರೆ ಅದೂ ನಿಮ್ಮದೇ. ಅಳತೆಗೆ ತಕ್ಕಂತೆ ಮಾಡಿಕೊಟ್ಟ ವಸ್ತುವಿಗೆ ಈ ಹಕ್ಕು ಅನ್ವಯಿಸುವುದಿಲ್ಲ.

ವಾಪಸ್ ನಿಮ್ಮಲ್ಲಿಗೇ ತರಿಸಿಕೊಳ್ಳುವುದು, ಆ ದೇಶದಲ್ಲೇ ಒಂದು ವಿಳಾಸ ಇಟ್ಟುಕೊಳ್ಳುವುದು, ಸರಕು ಅವರೇ ಇಟ್ಟುಕೊಳ್ಳಲಿ ಅಂತ ಹಣ ಮಾತ್ರ ಮರಳಿಸುವುದು, ಇವು ಮೂರು ಆಯ್ಕೆ. ನಿಮ್ಮಲ್ಲಿಗೇ ಬಂದರೆ, ಕಾಗದ ಸರಿ ಇಲ್ಲದ ದಿನ, ನಿಮ್ಮದೇ ಸರಕಿಗೆ ನಿಮ್ಮ ದೇಶದ ಕಸ್ಟಮ್ಸ್ ಸುಂಕ ಕೇಳುವ ವಿಚಿತ್ರವೂ ನಡೆಯುತ್ತದೆ. ಸಾಗಣೆ ಖರ್ಚಿಗಿಂತ ಅಗ್ಗದ ವಸ್ತುವಾದರೆ ಮೂರನೆಯದೇ ಲಾಭ. ಹಾಗಂತ ಸೈಟಿನಲ್ಲಿ ಬರೆಯಬೇಡಿ ಮತ್ತೆ! ದೂರು ಬಂದಾಗ ಫೋಟೋ ತರಿಸಿ, ನೋಡಿ, ನಿರ್ಧರಿಸಿ. ದುಬಾರಿ ವಸ್ತು, ತಿಂಗಳಿಗೆ ಐವತ್ತಕ್ಕಿಂತ ಜಾಸ್ತಿ ಆರ್ಡರ್ ಅಂದರೆ ಅಲ್ಲೊಂದು ವಿಳಾಸದ ಬಗ್ಗೆ ಯೋಚಿಸಬಹುದು.

ಭಾಷೆ: ಎಷ್ಟು, ಯಾರಿಂದ

ಈಗ ಬಂದೆವು ಎಲ್ಲರೂ ಶುರು ಮಾಡುವ ಜಾಗಕ್ಕೆ. ಇಂಗ್ಲಿಷ್ ಒಂದೇ ಇಡಬಹುದು. ಒಂದು ಪ್ಲಗಿನ್ ಹಾಕಿ ಇಡೀ ಸೈಟನ್ನು ಯಂತ್ರದಿಂದ ಇಪ್ಪತ್ತು ಭಾಷೆಗೆ ತಿರುಗಿಸಬಹುದು. ಇಲ್ಲವೇ ಆ ಭಾಷೆ ಬಲ್ಲವರಿಂದ ಬರೆಸಬಹುದು.

ಯಂತ್ರದ ಅನುವಾದ ಈಗ ಬಹಳ ಸುಧಾರಿಸಿದೆ, ಸುಳ್ಳು ಹೇಳಬಾರದು. ಉದ್ದ ಪ್ಯಾರಾ ಕೊಟ್ಟರೆ ಚೆನ್ನಾಗೇ ಮಾಡುತ್ತದೆ. ಎಡವುವುದು ಒಂದೊಂದೇ ಪದ ಇರುವ ಕಡೆ, ಅಂದರೆ ಮೆನು, ಗುಂಡಿ, ಬಣ್ಣ, ಅಳತೆ. ಯಾಕೆಂದರೆ ಅಲ್ಲಿ ಹಿಂದೆಮುಂದೆ ಏನೂ ಇಲ್ಲ. ಕನ್ನಡದಲ್ಲೇ ನೋಡಿದ್ದೀರಿ. 'ಹೋಮ್' ಅನ್ನುವುದು 'ಮನೆ' ಆಗಿರುತ್ತದೆ, 'ಬುಕ್ ನೌ' ಅನ್ನುವುದು 'ಈಗ ಪುಸ್ತಕ'. ನಾವು ನಕ್ಕು ಮುಂದೆ ಹೋಗುತ್ತೇವೆ, ಆದರೆ ಆ ಸೈಟಿಗೆ ಕಾರ್ಡ್ ನಂಬರ್ ಕೊಡಲು ಕೈ ಹಿಂದೆಗೆಯುತ್ತದೆ ಅಲ್ವಾ? ನಿಮ್ಮ 'ಲೈಟ್ ಬ್ಯಾಗ್' ಹಗುರವೋ, ತಿಳಿ ಬಣ್ಣವೋ, ದೀಪ ಇರುವ ಚೀಲವೋ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಗುರಿ ಇಟ್ಟ ದೇಶದಲ್ಲಿ ಇಂಗ್ಲಿಷ್ ನಡೆದರೆ ಇಂಗ್ಲಿಷ್ ಒಂದೇ ಸಾಕು. ಉಳಿಸಿದ ದುಡ್ಡನ್ನು ಫೋಟೋಗೆ ಹಾಕಿ. ನಡೆಯದಿದ್ದರೆ ಇಡೀ ಸೈಟ್ ಬೇಡ. ಹೆಚ್ಚು ಮಾರುವ ಐದಾರು ವಸ್ತುಗಳ ಪುಟ, ಸಾಗಣೆ ಮತ್ತು ವಾಪಸಾತಿಯ ಪುಟ, ಚೆಕ್‌ಔಟ್, ಆರ್ಡರ್ ಆದ ಮೇಲೆ ಹೋಗುವ ಮೇಲ್, ಇಷ್ಟನ್ನು ಮನುಷ್ಯರಿಂದ ಮಾಡಿಸಿ. ಮೇಲ್ ಅನ್ನು ಎಲ್ಲರೂ ಮರೆಯುತ್ತಾರೆ. ಜರ್ಮನ್‌ನಲ್ಲಿ ಕೊಂಡವನಿಗೆ ನಿಮ್ಮ ಭಾಷೆಯ ಮೇಲ್ ಹೋದರೆ ಅದು ನೇರ ಸ್ಪ್ಯಾಮ್‌ಗೆ. ಭಾಷೆ ಹಾಕುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಆ ಭಾಷೆಯಲ್ಲಿ ಸಿಟ್ಟಿನ ಪತ್ರ ಬಂದರೆ ಓದಿ ಉತ್ತರ ಕೊಡುವವರು ಯಾರು?

ಭಾಷೆ ಆರಿಸುವ ಕಡೆ ಬಾವುಟ ಹಾಕಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ನಾಲ್ಕು ಭಾಷೆ, ಕೆನಡಾದಲ್ಲಿ ಎರಡು. ಯಾವ ಬಾವುಟ ಒತ್ತಬೇಕು ಅವರು? ಭಾಷೆಯ ಹೆಸರನ್ನು ಅದೇ ಭಾಷೆಯಲ್ಲಿ ಬರೆದರೆ ಮುಗಿಯಿತು.

ಡೊಮೇನ್ ಮತ್ತು ಗೂಗಲ್

ಪ್ರತಿ ದೇಶಕ್ಕೂ ಅದರದ್ದೇ ಡೊಮೇನ್ ತೆಗೆದುಕೊಂಡರೆ ಅಲ್ಲಿನವರಿಗೆ ಹತ್ತಿರ ಅನಿಸುತ್ತದೆ. ಆದರೆ ಪ್ರತಿಯೊಂದೂ ಹೊಸ ಸೈಟ್, ಹೊಸದಾಗಿ ಹೆಸರು ಗಳಿಸಬೇಕು. ಎಲ್ಲರಿಗೂ ಸಿಗುವುದೂ ಇಲ್ಲ. ಕೆನಡಾದ ಡಾಟ್ ಸಿಎ, ಆಸ್ಟ್ರೇಲಿಯಾದ ಡಾಟ್ ಎಯು ಬೇಕೆಂದರೆ ಆ ದೇಶದ ಜೊತೆ ಕಾನೂನು ಒಪ್ಪುವ ನಂಟಿರಬೇಕು. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ ಅಲ್ಲಿನ ಎಷ್ಟೋ ಜನರ ಡಾಟ್ ಇಯು ಹೆಸರುಗಳು 2021ರ ಆರಂಭದಲ್ಲಿ ನಿಂತೇಹೋದವು. ಡಾಟ್ ಕಾಮ್ ಒಂದೇ ಇಟ್ಟುಕೊಂಡು, ಅದರೊಳಗೆ ದೇಶಕ್ಕೋ ಭಾಷೆಗೋ ಒಂದು ಫೋಲ್ಡರ್ ಮಾಡುವುದು ಸಣ್ಣ ಅಂಗಡಿಗೆ ಸರಿ. ಗಳಿಸಿದ ಹೆಸರೆಲ್ಲ ಒಂದೇ ಕಡೆ ಕೂಡುತ್ತದೆ. ಸಬ್‌ಡೊಮೇನ್, ಅಂದರೆ ಡೊಮೇನ್ ಹೆಸರಿನ ಮೊದಲಿಗೆ ಇನ್ನೊಂದು ಪದ ಜೋಡಿಸಿದ ವಿಳಾಸ, ಈ ಎರಡರ ನಡುವಿನದು. ನಿಮ್ಮ ಸಾಫ್ಟ್‌ವೇರ್ ಬೇರೆ ದಾರಿ ಕೊಡದಿದ್ದರೆ ಮಾತ್ರ ಅದು.

ಯಾವ ಪುಟ ಯಾರಿಗೆ ಅಂತ ಗೂಗಲ್‌ಗೆ ಹೇಳುವ ಗುರುತಿಗೆ ಎಚ್‌ರೆಫ್‌ಲ್ಯಾಂಗ್ ಅನ್ನುತ್ತಾರೆ. ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ಇಂಗ್ಲಿಷ್ ಪುಟ ಜರ್ಮನ್ ಪುಟವನ್ನು ತೋರಿಸಿದರೆ ಸಾಲದು, ಜರ್ಮನ್ ಪುಟವೂ ತಿರುಗಿ ಇಂಗ್ಲಿಷ್ ಪುಟವನ್ನು ತೋರಿಸಬೇಕು, ಇಲ್ಲದಿದ್ದರೆ ಗೂಗಲ್ ಆ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಗಬಹುದು. ಬ್ರಿಟನ್ನಿಗೆ ಹಾಕಬೇಕಾದ ಕೋಡ್ ಜಿಬಿ, ಯುಕೆ ಅಲ್ಲ.

ಬಂದವರ ದೇಶ ನೋಡಿ ತಾನಾಗಿಯೇ ಬೇರೆ ಪುಟಕ್ಕೆ ತಳ್ಳುವುದನ್ನು ಮಾಡಲೇಬೇಡಿ. ಗೂಗಲ್‌ನ ಯಂತ್ರ ಹೆಚ್ಚಾಗಿ ಅಮೆರಿಕದಿಂದಲೇ ಬರುತ್ತದೆ. ಅದನ್ನೂ ನೀವು ಅಮೆರಿಕದ ಪುಟಕ್ಕೇ ತಳ್ಳಿದರೆ ಉಳಿದ ಪುಟಗಳನ್ನು ಅದು ನೋಡುವುದೇ ಇಲ್ಲ. "ನೀವು ಕೆನಡಾದಲ್ಲಿ ಇದ್ದ ಹಾಗಿದೆ, ಆ ಪುಟಕ್ಕೆ ಹೋಗುತ್ತೀರಾ?" ಅಂತ ಮೇಲೊಂದು ಪಟ್ಟಿ ಸಾಕು. ಚೀನಾ ಮಾತ್ರ ಬೇರೆಯೇ ಲೋಕ. ಅಲ್ಲಿನ ಸರ್ವರ್‌ನಲ್ಲಿ ಸೈಟ್ ಇಡಲು ಸರ್ಕಾರದ ಐಸಿಪಿ ನೋಂದಣಿ ಬೇಕು, ಗೂಗಲ್ ಹುಡುಕಾಟವೂ ಇಲ್ಲ. ಸಣ್ಣವರು ಸ್ವಂತ ಸೈಟ್ ಹಿಡಿದು ಅಲ್ಲಿಗೆ ಹೋಗುವ ಸಾಹಸ ಬೇಡ.

ತೆರೆಯುವ ಮೊದಲು ಒಂದು ಪಾರ್ಸೆಲ್

ಎಲ್ಲ ಆದ ಮೇಲೆ ಆ ದೇಶದಲ್ಲಿರುವ ಪರಿಚಯದವರು ಯಾರಿಗಾದರೂ ಹೇಳಿ, ಅವರ ಫೋನಿನಲ್ಲಿ, ಅವರ ಕಾರ್ಡಿನಿಂದ ನಿಜವಾಗಿ ಒಂದು ಆರ್ಡರ್ ಮಾಡಿಸಿ. ಪರದೆ ರೆಕಾರ್ಡ್ ಮಾಡಿ ಕಳಿಸಲಿ. ಎಲ್ಲಿ ಬೆರಳು ನಿಂತಿತು, ಎಲ್ಲಿ ಹಿಂದೆ ಹೋದರು ಅಂತ ನೋಡಿ. ದುಡ್ಡು ಆಮೇಲೆ ಕೊಟ್ಟರಾಯಿತು.

ನಮ್ಮ ಚೀಲದವರೂ ಹಾಗೇ ಮಾಡಿದರು. ಅಮೆರಿಕದಲ್ಲಿರುವ ಅವರ ಅಕ್ಕನ ಮಗಳು ಆರ್ಡರ್ ಹಾಕಿದಳು. ಫಾರ್ಮ್ ಸರಾಗ ದಾಟಿತು, ಹಣ ಸರಿಯಾಗಿ ಬಂತು, ಸುಂಕ ಮೊದಲೇ ಕಟ್ಟಿತ್ತು, ಪಾರ್ಸೆಲ್ ಹೇಳಿದ ದಿನವೇ ತಲುಪಿತು. ಆದರೆ ಮನೆಯಲ್ಲಿ ಯಾರೂ ಇರಲಿಲ್ಲ. ಎರಡು ರಾತ್ರಿ ಚೀಲ ಮೆಟ್ಟಿಲ ಮೇಲೆ ಮಳೆಯಲ್ಲಿ ಕೂತಿತ್ತು. ನಾವು ಕಳಿಸಿದ ಮೇಲ್‌ನಲ್ಲಿ '04/03ರಂದು ತಲುಪುತ್ತದೆ' ಅಂತ ಇತ್ತು. ನಾವು ಬರೆದದ್ದು ಮಾರ್ಚ್ 4. ಅವಳು ಅಲ್ಲಿನವರ ಹಾಗೆ ಏಪ್ರಿಲ್ 3 ಅಂತ ಓದಿಕೊಂಡು, ಇನ್ನೂ ಒಂದು ತಿಂಗಳಿದೆಯಲ್ಲ ಅಂತ ಪ್ರವಾಸ ಹೊರಟಿದ್ದಳು.